ಎಂಟಿಲ್ಲದ ಸಂಖ್ಯೆ

ಮಗಳ ಕ್ಯಾಲ್ಕುಲೇಟರ್ ಕೈಜಾರಿ ಬಿದ್ದು ಎಂಟರ ಗುಂಡಿ ಕಳಚಿಹೋಯಿತು. ಅವಳು ಮಂಚದ ಕೆಳಗೆ ನುಗ್ಗಿ ಹುಡುಕತೊಡಗಿದಳು. ನಾನು ಮಂಚದ ಮೇಲೆ ಕೂತು ಅದನ್ನು ಕೈಗೆತ್ತಿಕೊಂಡೆ. ಉಳಿದ ಅಂಕಿಗಳೆಲ್ಲ ಇದ್ದವು, ಎಂಟರ ಜಾಗದಲ್ಲಿ ಮಾತ್ರ ತೂತು. ನೋಡುತ್ತಲೇ ನಮ್ಮ ಗಣಿತದ ಸರ್ ನೆನಪಾದರು...

ಕೊಳಕೂರಿನಿಂದ ಅಫಜಲಪುರದ ಸೋದರಮಾವನ ಮನೆಗೆ ಬಂದು ಹೈಸ್ಕೂಲು ಸೇರಿದ ವರ್ಷ ಅದು. ಸರ್ ಬೋರ್ಡಿನ ಮೇಲೆ 12345679 ಎಂದು ಬರೆದು ಒಂಬತ್ತರಿಂದ ಗುಣಿಸಲು ಹೇಳಿದರು. ಗುಣಿಸಿದರೆ ಬರೀ ಒಂದುಗಳ ಸಾಲು! ಇಪ್ಪತ್ತೇಳರಿಂದ ಗುಣಿಸಿದರೆ ಬರೀ ಮೂರು, ಅರವತ್ತಮೂರರಿಂದ ಬರೀ ಏಳು. ನನಗೆ ಹುಚ್ಚೇ ಹಿಡಿಯಿತು. ಅಂಕಿಗಳು ಹೀಗೆ ಹೇಳಿದ ಮಾತು ಕೇಳುತ್ತವೆ ಎಂದು ಗೊತ್ತೇ ಇರಲಿಲ್ಲ. ಖುಷಿಯಲ್ಲಿ ಎದ್ದು, "ಸರ್, ನಡುವ ಎಂಟು ಬಿಟ್ಟೀರ್ರಿ" ಎಂದೆ.

"ಕೊಳಕೂರಾಗ ಯಾವ ಓಣಿ ನಿಂದು?" ಎಂದರು ಸರ್.

ಮನೆಮನೆಯ ಗೋಡೆಯ ಮೇಲೂ ಬುದ್ಧನ ಫೋಟೋ ಇರುವ, ಊರಾಚೆಯ ಓಣಿ ನಮ್ಮದು. ಹೇಳಿದೆ. ಅವರು ನಕ್ಕರು.

"ಎಂಟು ಬಿಟ್ಟಿದ್ದಕ್ಕೇ ಈ ಸಂಖ್ಯಾ ಛಂದ ಅದ. ಕುಂದರಬೇ, ಎಂಟು."

ಅಂದಿನಿಂದ ನನ್ನ ಹೆಸರೇ ಎಂಟು. ಜಾತಿಯ ಮಾತನ್ನು ಸರ್ ಒಮ್ಮೆಯೂ ಎತ್ತಲಿಲ್ಲ, ಅಷ್ಟು ಸಭ್ಯರು! ತರಗತಿಗೆ ಬಂದವರೇ "ಎಂಟು ಎಲ್ಲಿ ಅದ?" ಎನ್ನುವರು, ನಾನು ಎದ್ದು ನಿಲ್ಲಬೇಕು. ಎಲ್ಲರೂ ನಗುವರು. ಮೊದಲ ಬೆಂಚಿನ ದೊಡ್ಡ ಮನೆಯ ಹುಡುಗನನ್ನು ಮಾತ್ರ ಪ್ರೀತಿಯಿಂದ 'ಒಂದು' ಎಂದು ಕರೆಯುತ್ತಿದ್ದರು.

ಕಲಬುರಗಿಯ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರೇ ಹೋಗಬೇಕಿತ್ತು. ಈ ಸಂಖ್ಯೆಯಲ್ಲಿ ಹೊಸದೇನಾದರೂ ತೋರಿಸಿದವರನ್ನು ಕಳಿಸುತ್ತೇನೆ ಎಂದರು ಸರ್. ಹೋಗಲೇಬೇಕೆಂಬ ಆಸೆಗೆ ನನಗೆ ಊಟ ಸೇರಲಿಲ್ಲ. ಸಿಟ್ಟಿನಲ್ಲೇ ಅದನ್ನು ಎಂಟರಿಂದ ಗುಣಿಸಿದೆ. ಬಂದದ್ದು 98765432. ಇಡೀ ಸಾಲು ಹಿಂದುಮುಂದಾಗಿತ್ತು. ಎಂಟು ಒಳಗೆ ಬಂದು ಕೂತಿತ್ತು, ಒಂದು ಮಾಯವಾಗಿತ್ತು.

ಮರುದಿನ ಬೋರ್ಡಿನ ಮೇಲೆ ಬರೆದು ತೋರಿಸಿದೆ.

"ಎಂಟು ಬಂತ್ರಿ ಸರ್, ಒಂದು ಹೋಯ್ತು."

ತರಗತಿಯೆಲ್ಲ ಹೋ ಎಂದಿತು. ಸರ್ ಅದನ್ನು ಅಂಗೈಯಿಂದಲೇ ಅಳಿಸಿದರು. ನಿಧಾನವಾಗಿ, ಒಂದೊಂದೇ ಅಂಕಿ...

"ನೋಡ್ರಿಲೇ, ಇಂಥವರನ್ನ ಒಳಗ ಬಿಟ್ರ ಹಿಂಗ. ಮೊದಲ ಇದ್ದವರ ಜಾಗಾ ತಿಂತಾರ."

ಸ್ಪರ್ಧೆಗೆ ಹೋದದ್ದು 'ಒಂದು'. ಅಲ್ಲಿ ಅವನು ತೋರಿಸಿದ್ದು ನನ್ನದೇ ಗುಣಾಕಾರ. ಬಹುಮಾನ ಹಿಡಿದು ಬಂದಾಗ ಮೊದಲ ಚಪ್ಪಾಳೆಗೆ ಸರ್ ನನ್ನನ್ನೇ ಎಬ್ಬಿಸಿದರು. ಚಪ್ಪಾಳೆ ತಟ್ಟಿದೆ.

ಆಮೇಲೆ ಗಣಿತದ ಸಹವಾಸ ಬಿಟ್ಟೆ. ನರ್ಸಿಂಗ್ ಓದಿದೆ, ಕೆಲಸ ಸಿಕ್ಕಿತು, ಜೇವರ್ಗಿಯಲ್ಲಿ ಮನೆಯಾಯಿತು. ಸರ್ ತೀರಿಕೊಂಡರೆಂದು ಸೋದರಮಾವ ಫೋನಿನಲ್ಲಿ ಹೇಳಿದಾಗ ನನಗೆ ದುಃಖವಾಗಲಿಲ್ಲ. ಸುಳ್ಳು ಯಾಕೆ ಹೇಳಲಿ? ನನಗೆ ದುಃಖವಿರುವುದು ಆ ಸಂಖ್ಯೆಯದು. ಅಷ್ಟು ಚೆಂದದ್ದನ್ನು ಮಗಳಿಗೆ ತೋರಿಸಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಅವರ ನಗು ಕೇಳಿಸಿ ಪೆನ್ನು ಕೆಳಗಿಟ್ಟಿದ್ದೇನೆ. ನನ್ನಿಂದ ಕಸಿದದ್ದನ್ನು ಅವರು ತಮ್ಮೊಂದಿಗೇ ಒಯ್ದುಬಿಟ್ಟರು.

ಇವತ್ತು ಕ್ಯಾಲ್ಕುಲೇಟರಿನಲ್ಲಿ ಆ ಅಂಕಿಗಳನ್ನು ಒತ್ತಿದೆ. ಎಂಟರ ಗುಂಡಿ ಬೇಕಾಗಲೇ ಇಲ್ಲ, ಸರಾಗವಾಗಿ ಮೂಡಿದವು. ಇನ್ನೇನು ಮಗಳನ್ನು ಕರೆಯಬೇಕು... ಮಂಚದ ಕೆಳಗಿನಿಂದ ಅವಳೇ ಕೂಗಿದಳು.

"ಅವ್ವಾ, ಎಂಟು ಎಲ್ಲಿ ಅದ?"

ನಾನು ಆಗಲೇ ಎದ್ದು ನಿಂತಿದ್ದೆ.