ಎಮಿಲ್ ತಾತನ ನಗುವೂ ನಮ್ಮ ಪುಳಿಯೋಗರೆ ಡಬ್ಬಿಯೂ

ನಮ್ಮ ಮನೆಯಲ್ಲಿ ಮುಚ್ಚಳ ಕೊಂಚ ಸೊಟ್ಟಗಾದ ಒಂದು ಸ್ಟೀಲ್ ಡಬ್ಬಿ ಇದೆ. ಅಮೆರಿಕದ ಪ್ಲೇನೋ ಎಂಬ ಊರಿನ ನಮ್ಮ ಬೀದಿಯಲ್ಲಿ ಅದರಷ್ಟು ಓಡಾಡಿದವರು ಇನ್ನೊಬ್ಬರಿಲ್ಲ. ಎಲ್ಲರೂ ಗ್ಯಾರೇಜಿನಿಂದಲೇ ಕಾರೇರಿ ಹೊರಬಿದ್ದು ಸಂಜೆ ಗ್ಯಾರೇಜಿನೊಳಕ್ಕೇ ಮಾಯವಾಗುವ ಈ ಊರಿನಲ್ಲಿ, ಪಕ್ಕದ ಮನೆಗೆ ಹೋಗಿಬರುವ ಭಾಗ್ಯ ಪಡೆದದ್ದು ಆ ಡಬ್ಬಿಯೇ. ಆ ಮನೆಯ ರೂತ್ ಆಂಟಿಗೆ ಮೊದಲ ಸಲ ಪುಳಿಯೋಗರೆ ಕೊಟ್ಟಾಗ, ನಮ್ಮ ಕಡೆ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ ಎಂದು ಮಾತಿನ ಭರದಲ್ಲಿ ಹೇಳಿಬಿಟ್ಟಿದ್ದೆ. ಎಂಬತ್ತು ದಾಟಿದ ಆ ಯೆಹೂದಿ ಅಜ್ಜಿ ಅದನ್ನೇ ವ್ರತದಂತೆ ಹಿಡಿದರು. ಪುಳಿಯೋಗರೆ ಹೋದರೆ ಸೇಬಿನ ಕೇಕು, ಕೋಡುಬಳೆ ಹೋದರೆ ಗಸಗಸೆಯ ಬಿಸ್ಕತ್ತು. ಹೀಗೆ ಇಬ್ಬರಲ್ಲಿ ಯಾರೂ ಸೋಲೊಪ್ಪದ ಪಂದ್ಯವೊಂದು ವರ್ಷಗಟ್ಟಲೆ ನಡೆಯಿತು.

ಕಳೆದ ವಸಂತದಲ್ಲಿ ಡಬ್ಬಿ ಮರಳಿದಾಗ ಒಳಗೆ ತಿಂಡಿಯಿರಲಿಲ್ಲ, ಕರವಸ್ತ್ರದಲ್ಲಿ ಸುತ್ತಿದ ಒಂದು ಡಿವಿಡಿ ಇತ್ತು. "ನನ್ನ ತಾತನ ಸಿನಿಮಾ," ಎಂದರು ಆಂಟಿ ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ.

1930ರ ಸುಮಾರಿನ ಜರ್ಮನಿ, ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿದ್ದ ಕಾಲವದು. ಬರ್ಲಿನ್ನಿನಲ್ಲಿ ಕೆಲಸವಿಲ್ಲ, ನಾಳೆಯ ಭರವಸೆಯಿಲ್ಲ. ಆದರೂ ಪರದೆಯ ಮೇಲೆ ಗುಮಾಸ್ತರೂ ಟೈಪಿಸ್ಟರೂ ಕೆಲಸ ಕಳೆದುಕೊಂಡ ಹುಡುಗರೂ ಹಾಡುತ್ತ, ಕುಣಿಯುತ್ತ, ಜಗತ್ತಿನ ಹಣೆಬರಹವನ್ನೇ ಲೇವಡಿ ಮಾಡುತ್ತ ಇದ್ದರು. ಡಬ್ಬಿಂಗ್ ಇನ್ನೂ ಸರಿಯಾಗಿ ಒಲಿದಿರಲಿಲ್ಲವಾದ್ದರಿಂದ, ಒಂದೇ ಸೆಟ್ಟಿನಲ್ಲಿ ಮೊದಲು ಜರ್ಮನ್ ನಟರು, ಅವರು ಎದ್ದ ಮೇಲೆ ಫ್ರೆಂಚ್ ನಟರು ಅದೇ ಕುರ್ಚಿಯಲ್ಲಿ ಕೂತು ಅದೇ ಜೋಕನ್ನು ತಮ್ಮ ತಮ್ಮ ಭಾಷೆಯಲ್ಲಿ ಹೇಳುವುದೂ ಇತ್ತಂತೆ. ಆ ಹಾಡು, ಆ ಚಟಾಕಿ, ಆ ಲವಲವಿಕೆಯಲ್ಲಿ ಬಹಳಷ್ಟು ಯೆಹೂದಿ ಬರಹಗಾರರದು, ಸಂಗೀತಗಾರರದು, ನಿರ್ದೇಶಕರದು. ನಾಜಿಗಳು ಬಂದದ್ದೇ ತಡ, ಊರನ್ನು ನಗಿಸಿದವರನ್ನೇ ಊರಿನಿಂದ ಅಟ್ಟಿದರು. ತಪ್ಪಿಸಿಕೊಳ್ಳಲಾಗದ ಎಷ್ಟೋ ಮಂದಿಯನ್ನು ಕೊಂದರು. ಸಿನಿಮಾಗಳಿಂದ ಹೆಸರುಗಳನ್ನು ತೆಗೆದುಹಾಕಿದರು. ಈ ಸಿನಿಮಾಕ್ಕೆ ಹಾಡು ಬರೆದಿದ್ದ ಆಂಟಿಯ ಎಮಿಲ್ ತಾತ ಹೇಗೋ ಹಡಗು ಹತ್ತಿ ಬದುಕಿದರು, ಅಮೆರಿಕದಲ್ಲಿ ಕೋಟುಗಳಿಗೆ ಗುಂಡಿ ಹೊಲಿದು ಸಂಸಾರ ಸಾಕಿದರು, ಮತ್ತೆಂದೂ ಹಾಡು ಬರೆಯಲಿಲ್ಲ. ಈ ಡಿವಿಡಿಯಲ್ಲೂ ಅವರ ಹೆಸರಿಲ್ಲ.

"ಒಂದೆರಡು ಕಾಲೇಜುಗಳಲ್ಲಿ ತೋರಿಸಿದ್ದೇನೆ," ಎಂದರು ಆಂಟಿ. "ಎಲ್ಲರೂ ತುಂಬ ಒಳ್ಳೆಯವರು. ಮೊದಲು ಇತಿಹಾಸ ಕೇಳುತ್ತಾರೆ, ಆಮೇಲೆ ಒಬ್ಬರೂ ನಗುವುದಿಲ್ಲ. ತಾತ ಟಾಕೀಸಿನ ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತು ಜನರ ನಗು ಕೇಳುತ್ತಿದ್ದರಂತೆ. ಸಾಯುವ ಮೊದಲು ನನಗೂ ಒಮ್ಮೆ ಅದನ್ನು ಕೇಳಬೇಕು."

ನೀವೇ ಹೇಳಿ, ಇಷ್ಟು ಕೇಳಿದ ಮೇಲೆ ಸುಮ್ಮನಿರಲಾದೀತೇ? ನಮ್ಮ ಕನ್ನಡ ಬಳಗದ ಮುಂದೆ ವಿಷಯವಿಟ್ಟೆ. ಒಂದು ಭಾನುವಾರ ಮಧ್ಯಾಹ್ನ ಪಕ್ಕದೂರು ರಿಚರ್ಡ್‌ಸನ್ನಿನಲ್ಲಿ ಒಂದು ಸಣ್ಣ ಹಾಲ್ ಗೊತ್ತಾಯಿತು. ಆದರೆ ದೀಪ ಬೆಳಗದೆ, ಭಾಷಣವಾಗದೆ ನಮ್ಮಲ್ಲಿ ಯಾವ ಕಾರ್ಯಕ್ರಮ ತಾನೇ ಶುರುವಾಗುತ್ತದೆ? ಅಧ್ಯಕ್ಷರಾದ ರಂಗನಾಥ್ ಅಂಕಲ್ ಮೈಸೂರಿನವರು, ಮಹಾ ಸಜ್ಜನರು, ಕೈಗೆತ್ತಿಕೊಂಡದ್ದನ್ನು ಓದಿ ತಿಳಿದು ಮಾಡುವವರು. ಅವರು ಆ ಘೋರ ಇತಿಹಾಸವನ್ನೆಲ್ಲ ಗದ್ಗದಿತರಾಗಿ ಹೇಳಿ, ಕೊನೆಗೆ, "ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ," ಎಂದುಬಿಟ್ಟರು. ಹಾಸ್ಯ ಚಿತ್ರಕ್ಕೆ ಮೌನಾಚರಣೆ! ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಸಿನಿಮಾ ಶುರುವಾಯಿತು. ಕೆಲಸವಿಲ್ಲದ ಇಬ್ಬರು ಗೆಳೆಯರು, ಇಬ್ಬರಿಗೂ ಸೇರಿ ಇರುವುದು ಒಂದೇ ಒಳ್ಳೆಯ ಕೋಟು. ಒಬ್ಬ ಅದನ್ನು ತೊಟ್ಟು ಕೆಲಸ ಹುಡುಕಲು ಹೋದರೆ ಇನ್ನೊಬ್ಬ ಕಂಬಳಿ ಹೊದ್ದು ಮನೆಯಲ್ಲಿ ಕೂರಬೇಕು. ಕಥೆ ಓಡುತ್ತಿತ್ತು, ಕೆಳಗೆ ಇಂಗ್ಲಿಷ್ ಸಾಲುಗಳೂ ಓಡುತ್ತಿದ್ದವು. ನಮ್ಮವರು ಮಾತ್ರ ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ಕೂತಿದ್ದರು. ಯಾರಿಗೋ ಕಿಸಕ್ಕನೆ ನಗು ಬಂದರೂ ಅದನ್ನು ಕೆಮ್ಮಾಗಿಸಿದರು. ಕೊನೆಯ ಸಾಲಿನಲ್ಲಿ ಆಂಟಿ ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಆಗ ಬಾಗಿಲು ತೆರೆಯಿತು. ಧಾರವಾಡದ ಶಾರದಕ್ಕ, ಹಿಂದೆ ಅವರ ಯಜಮಾನರು. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ಸೀರೆ ಆರಿಸುತ್ತ ಹೊತ್ತು ಹೋದದ್ದು ತಿಳಿಯದೆ, ಅಲ್ಲಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. ತಡವಾಗಿ ಬರುವ ನಮ್ಮವರ ಅಭ್ಯಾಸವನ್ನು ನಾನು ಎಷ್ಟು ಸಲ ಶಪಿಸಿಲ್ಲ! ಆ ದಿನದಿಂದ ಶಪಿಸುವುದನ್ನು ಬಿಟ್ಟಿದ್ದೇನೆ. ಅವರು ಭಾಷಣ ಕೇಳಿರಲಿಲ್ಲ, ಮೌನ ಆಚರಿಸಿರಲಿಲ್ಲ. ಪರದೆಯ ಮೇಲೆ, ಗೆಳೆಯ ತೊಟ್ಟು ಹೋದ ಕೋಟಿಗಾಗಿ ಕಾದು ಸಾಕಾದ ಹುಡುಗ ಕಿಟಕಿಯ ಪರದೆಯನ್ನೇ ಸುತ್ತಿಕೊಂಡು ಬೀದಿಗಿಳಿದ. ಶಾರದಕ್ಕ ನಿಂತಲ್ಲೇ ಗಹಗಹಿಸಿದರು.

"ಅಯ್ಯ ಶಿವನ! ಇದು ನಮ್ಮದ ಕತಿ ಅಲ್ಲೇನ್ರೀ! ಲೇಆಫ್ ಆದಾಗ ಇದ ರಿಚರ್ಡ್‌ಸನ್ನಿನಾಗ ನೀವು ನಾಕು ಮಂದಿ ಒಂದ ಬ್ಲೇಜರ್ ಹಾಕ್ಕೊಂಡು ಇಂಟರ್‌ವ್ಯೂಕ್ಕ ಹೋಗ್ತಿದ್ರಲ್ರೀ!"

"ಹೌದ ಮತ್ತ!" ಎಂದರು ಯಜಮಾನರು, ಅಷ್ಟೇ ಜೋರಾಗಿ. "ನನ್ನ ಪಾಳಿ ಬಂದಾಗ ಕಿಸೆದಾಗಿಂದ ತಗದು ಕೊಟ್ಟೆ, ನೋಡಿದ್ರ ಅದು ಇನ್ನೊಬ್ಬನ ರೆಸ್ಯೂಮೆ!"

ಮುಂದಿನ ಸಾಲಿನಲ್ಲಿ ರಂಗನಾಥ್ ಅಂಕಲ್ ಗದರಲೆಂದು ತಿರುಗಿದರು. ತುಟಿಯ ಮೇಲೆ ಬೆರಳಿಟ್ಟವರ ಹೊಟ್ಟೆ ಕುಲುಕತೊಡಗಿತು. "ಆ ರೆಸ್ಯೂಮೆ ನಂದೇ ಕಣಯ್ಯಾ!" ಎಂದು ಕೂಗಿಯೇಬಿಟ್ಟರು.

ಕಟ್ಟೆಯೊಡೆಯಿತು. ಅಧ್ಯಕ್ಷರೇ ನಕ್ಕ ಮೇಲೆ ಇನ್ನಾರ ಭಯ? ಪ್ರತಿ ಚಟಾಕಿಗೂ ನಗು, ನಗುವವರನ್ನು ನೋಡಿ ಇನ್ನೊಂದು ನಗು. ಕೋಟಿನ ಹಾಡು ಬಂದಾಗ ಜರ್ಮನ್ನಿನ ಒಂದಕ್ಷರ ಬಾರದವರೆಲ್ಲ ತಾಳ ಹಾಕಿದರು, ಹಾಡು ಮುಗಿದದ್ದೇ "ಒನ್ಸ್ ಮೋರ್" ಎಂದು ಶಿಳ್ಳೆ ಬಿತ್ತು. ನಾನು ಓಡಿಹೋಗಿ ಹಾಡನ್ನು ಹಿಂದಕ್ಕೆ ತಿರುಗಿಸಿದೆ. ಆಂಟಿ ಅಳುತ್ತಿದ್ದಾರೇನೋ ಎಂದು ಹೆದರಿ ನೋಡಿದರೆ, ಇಲ್ಲ, ಕಣ್ಣು ಮುಚ್ಚಿಕೊಂಡೇ ಮಗುವಿನಂತೆ ನಗುತ್ತಿದ್ದರು.

ಆ ಗದ್ದಲದ ನಡುವೆ ನಾನು ಯೋಚಿಸಿದ್ದು ಇಷ್ಟು. ಹೆಸರು ಅಳಿಸಿದವರಿಗೆ ಬೇಕಿದ್ದದ್ದು ಈ ನಗು ನಿಲ್ಲಬೇಕೆಂಬುದೇ. ನಾವು ಮರುಕದಿಂದಲೇ ಆದರೂ ಬಾಯಿ ಮುಚ್ಚಿ ಕೂತರೆ ಅವರ ಕೆಲಸವನ್ನೇ ಮುಂದುವರಿಸಿದಂತಾಗುತ್ತದೆ. ಸತ್ತವರಿಗಾಗಿ ಅಳುವುದು ಸರಿಯೇ, ಅಳಲೇಬೇಕು. ಆದರೆ ನಗಿಸಲೆಂದು ಮೈಮುರಿದು ದುಡಿದವನ ಮುಂದೆ ನಗದೆ ಕೂತರೆ, ಬಡಿಸಿದ ಎಲೆ ಬಿಟ್ಟು ಎದ್ದಂತೆ. ಆ ದಿನ ನಾವು ಪಟ್ಟಾಗಿ ಉಂಡೆವು, ನನಗೆ ಅದರ ಹೆಮ್ಮೆಯಿದೆ.

ಸಿನಿಮಾ ಮುಗಿದಾಗ ಅಂಕಲ್ ಮತ್ತೆ, "ಎಲ್ಲರೂ ಎದ್ದು ನಿಲ್ಲಿ," ಎಂದರು. ಮತ್ತೊಂದು ಮೌನಾಚರಣೆಯೇ, ದೇವರೇ! "ಈ ಹಾಡು ಬರೆದವರು ಎಮಿಲ್ ಅಂತ. ಪರದೆ ಮೇಲೆ ಹೆಸರಿಲ್ಲ, ಅದಕ್ಕೇ ನಾವೇ ಹೇಳೋಣ, ಜೋರಾಗಿ!" ಇಡೀ ಹಾಲ್ ಒಂದೇ ಕೊರಳಿನಲ್ಲಿ ಎಮಿಲ್ ಎಂದು ಕೂಗಿತು. ಆಂಟಿ ಗೋಡೆ ಹಿಡಿದು ಎದ್ದು ನಿಂತು, ತಾತನ ಪರವಾಗಿ ತಲೆಬಾಗಿದರು.

ನನ್ನ ಮಗಳು ಸಿನಿಮಾ ಶುರುವಾದಾಗಿನಿಂದ ಆ ಗದ್ದಲವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ಮರುದಿನ ಅದನ್ನು ಪೆನ್‌ಡ್ರೈವಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪುಳಿಯೋಗರೆಯ ಮೇಲಿಟ್ಟು ಕಳುಹಿಸಿದೆ. ದಿನಗಳು ಕಳೆದರೂ ಡಬ್ಬಿ ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ಆಂಟಿಯೇ ಬಂದು, ಫಳಫಳ ತೊಳೆದ ಡಬ್ಬಿಯನ್ನು ನನ್ನ ಕೈಗಿತ್ತರು. ಮುಚ್ಚಳ ತೆಗೆದು ನೋಡಿದೆ. ಖಾಲಿ.

"ಇದಕ್ಕೆ ಸಮನಾದದ್ದು ನನ್ನ ಮನೆಯಲ್ಲಿ ಏನೂ ಇಲ್ಲ," ಎಂದರು. "ಸೋತೆ."

ಖಾಲಿ ಡಬ್ಬಿಯನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತೆ. ಅವರು ತಮ್ಮ ಮನೆ ಸೇರಿದ ಸ್ವಲ್ಪ ಹೊತ್ತಿಗೆ, ತೆರೆದ ಅವರ ಕಿಟಕಿಯಿಂದ ಶಾರದಕ್ಕನ "ಅಯ್ಯ ಶಿವನ!" ಬೀದಿಯುದ್ದಕ್ಕೂ ಕೇಳಿಸಿತು.