ಒಂದೇ ಉದ್ದದ ಕೋಲುಗಳು

ಭಾಮೈದ ತನ್ನ ಗಾಲ್ಫ್ ಚೀಲವನ್ನು ಹೊತ್ತು ತಂದು ಕೆಲಸದ ಮೇಜಿಗೆ ಒರಗಿಸಿದಾಗಲೇ ಬಡಗಿಗೆ ಅನುಮಾನ ಬಂತು.

"ಭಾವ, ಈ ಐರನ್ ಕೋಲುಗಳೆಲ್ಲಾ ಒಂದೇ ಉದ್ದ; ನಿಮ್ಮವುಗಳ ಹಾಗೆ ದೂರಕ್ಕೆ ಉದ್ದಂದು, ಹತ್ತಿರಕ್ಕೆ ಗಿಡ್ಡಂದು ಅಂತಿಲ್ಲ. ದೂರಕ್ಕೂ ಹತ್ತಿರಕ್ಕೂ ಒಂದೇ ಥರ ನಿಂತು ಬೀಸಿದ್ರಾಯ್ತು. ಇವನ್ನ ನೀವಿಟ್ಕೊಳ್ಳಿ, ನಿಮ್ಮ ಹಳೇ ಸೆಟ್ ನನಗೆ ಕೊಡಿ."

ರಜೆ ಸಿಕ್ಕರೆ ಮೈದಾನಕ್ಕೆ ಓಡುವ ಬಡಗಿಗೆ ಚೆಂಡು ನೆಟ್ಟಗೆ ಹೋಗಲಿ ಎಂಬುದೊಂದೇ ಆಸೆ. ಅದೋ, ಯಾವಾಗಲೂ ಪೊದೆಯ ಕಡೆಗೇ ತಿರುಗುತ್ತಿತ್ತು. ಆದರೆ ಭಾಮೈದ ಸುಮ್ಮನೆ ಉಪಕಾರ ಮಾಡುವ ಆಸಾಮಿಯಲ್ಲ.

"ಉಳಿಗೂ ಕೊಡಲಿಗೂ ಒಂದೇ ಹಿಡಿ ಹಾಕ್ತಾರೇನೋ? ಯಾರಿಗೆ ಟೋಪಿ ಹಾಕ್ತೀಯಾ?" ಎಂದು ಗದರಿ, ಕೋಲುಗಳನ್ನು ಸಾಲಾಗಿ ಮಲಗಿಸಿ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅನುಮಾನ ಇನ್ನಷ್ಟು ಬಲಿಯಿತು.

ಇಬ್ಬರೂ ಮೈದಾನಕ್ಕೆ ಹೋದರು. ಹತ್ತಿರದ ಹೊಡೆತಕ್ಕೂ ನಡುದೂರದ ಹೊಡೆತಕ್ಕೂ ಚೆಂಡು ನೂಲು ಹಿಡಿದಂತೆ ಹಾರಿತು. ಬಡಗಿ ಹಿಗ್ಗಿ, ದೂರದ ಹೊಡೆತದ ಕೋಲಿಗೆ ಕೈ ಹಾಕಿದ.

"ಸಾಕು ಬಿಡಿ ಭಾವ, ಬಿಸಿಲು ಜಾಸ್ತಿ," ಎಂದ ಭಾಮೈದ.

ಬಡಗಿ ಬೀಸಿಯೇ ಬಿಟ್ಟ. ಚೆಂಡು ಮೇಲೇಳದೆ ಹುಲ್ಲು ಸವರಿಕೊಂಡು ಹೋಗಿ ಅಲ್ಲೇ ನಿಂತಿತು.

"ಇದೇನೋ ಇದು?"

"ದೂರದ ಕೋಲು ಗಿಡ್ಡ ಆದ್ರೆ ಬೀಸಿದ ಜೋರು ಸಾಲಲ್ಲ ಭಾವ. ನನ್ನ ಕೈಲೂ ಚೆಂಡು ಮೇಲೇಳಲ್ಲ."

ಬಡಗಿ ದೂರದ ಕೋಲುಗಳನ್ನು ಅವನ ಕೈಗೇ ತುರುಕಿ, ಮಿಕ್ಕವನ್ನು ತಾನಿಟ್ಟುಕೊಂಡ. ಹಳೆಯ ಸೆಟ್ಟಿನಲ್ಲೂ ಉದ್ದನೆಯವನ್ನು ಉಳಿಸಿಕೊಂಡು ಗಿಡ್ಡವನ್ನಷ್ಟೇ ಕೊಟ್ಟ.

"ಇದು ಅನ್ಯಾಯ! ಅಕ್ಕನಿಗೆ ಹೇಳ್ತೀನಿ."

"ಹೇಳು ಹೋಗು. ನೀನೇನಾದ್ರೂ ತಂದುಕೊಟ್ರೆ ನೋಡ್ಕೊಂಡು ತಗೊಳ್ಳಿ ಅಂದಿದ್ದೇ ನಿಮ್ಮಕ್ಕ."