ಸೀಲು ಬೀಳದ ಮುಖ

ಅಂಚೆ ಚೀಟಿ ಕೂಡಿಡುವ ಹುಚ್ಚು ನನಗೆ ಹತ್ತಿದ್ದು ಮಿಡ್ಲ್ ಸ್ಕೂಲಿನಲ್ಲಿ. ಮಾಗಡಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದೆ, ಮೇಷ್ಟ್ರಗಿರಿ ಬಿಟ್ಟಿತು, ಈ ಹುಚ್ಚು ಬಿಡಲಿಲ್ಲ. ಅದರಲ್ಲೂ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರ ನೆನಪಿಗೆ ಸರ್ಕಾರ ಹೊರಡಿಸುವ ಚೀಟಿಗಳೆಂದರೆ ಊಟ ಬಿಟ್ಟು ಓಡುತ್ತೇನೆ. ನನ್ನ ಆಲ್ಬಮ್ಮಿನಲ್ಲಿರುವ ಒಬ್ಬ ಹೋರಾಟಗಾರನ ಮುಖದ ಮೇಲೂ ಅಂಚೆ ಸೀಲಿನ ಮಸಿ ಇಲ್ಲ. ಅಂಚಿನ ಹಲ್ಲು ಒಂದು ಮುರಿದಿದ್ದರೂ ಅಂಥ ಚೀಟಿಯನ್ನು ಒಳಗೆ ಬಿಟ್ಟುಕೊಂಡವನಲ್ಲ. ಚಿಮಟದಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕುತ್ತೇನೆ. "ಹೆಣ್ಣು ನೋಡೋಕೆ ಬಂದಾಗ ನನ್ನನ್ನೇ ಇಷ್ಟು ನೋಡಲಿಲ್ಲ ನೀವು" ಎನ್ನುತ್ತಾಳೆ ನನ್ನ ಹೆಂಡತಿ.

ಈಗ ಆ ಚೀಟಿಗಳು ಸಿಕ್ಕುವುದೇ ಕಷ್ಟ. ಕೌಂಟರಿನಲ್ಲಿ ಕೇಳಿದರೆ "ಯಾಕೆ ಸಾರ್, ಕವರ್ ಕೊಡಿ, ಸ್ಟಿಕ್ಕರ್ ಬರುತ್ತೆ" ಎಂದು ಮೆಷಿನ್ನಿನಿಂದ ಒಂದು ಬಿಳಿ ಚೀಟಿ ಕಿತ್ತು ಅಂಟಿಸುತ್ತಾರೆ. ಅದರ ತುಂಬ ಕಪ್ಪು ಗೀಟುಗಳು, ನಂಬರುಗಳು. ದೇಶಕ್ಕಾಗಿ ಜೀವ ತೇದವರು ಇರಬೇಕಾದ ಜಾಗದಲ್ಲಿ ಬಿಸ್ಕತ್ ಪೊಟ್ಟಣದ ಹಿಂದಿರುವಂಥ ಗೀಟು! ಹೊಟ್ಟೆ ಉರಿಯುತ್ತದೆ. ಕೌಂಟರಿನವರನ್ನು ಬೈದು ಏನು ಬಂತು, ಅವರ ಕೈಗೆ ಬಂದದ್ದನ್ನು ಅವರು ಅಂಟಿಸುತ್ತಾರೆ. ಹಾಗಾಗಿ ಬೆಂಗಳೂರಿಗೆ ಹೋದಾಗಲೆಲ್ಲ ಹೊಸ ಚೀಟಿ ಎರಡೆರಡು ತರುತ್ತೇನೆ. ಒಂದು ಆಲ್ಬಮ್ಮಿಗೆ, ಇನ್ನೊಂದು ಅತ್ತೆಯ ಕಾಗದಕ್ಕೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಚನ್ನಪಟ್ಟಣ ತಾಲ್ಲೂಕಿನಲ್ಲಿ, ವಿರೂಪಾಕ್ಷಿಪುರದ ಕಡೆಯ ಒಂದು ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ತೊಂಬತ್ತರ ಹತ್ತಿರ ವಯಸ್ಸು. ಕಿವಿ ಪೂರ್ತಿ ಹೋಗಿದೆ. ಫೋನು ಮಾಡಿದರೆ "ಅಲೋ" ಎಂದು ತನ್ನ ಪಾಡಿಗೆ ತಾನು ಮಾತಾಡಿ ಇಟ್ಟುಬಿಡುತ್ತಾಳೆ. ಕಣ್ಣು ಮಾತ್ರ ಚುರುಕು, ನಾಲ್ಕನೇ ಕ್ಲಾಸಿನ ಓದೂ ಇದೆ. ಅದಕ್ಕೇ ತಿಂಗಳಿಗೊಂದು ಕಾಗದ ಬರೆಯುತ್ತೇನೆ. ಅವಳು ಲಕೋಟೆಯ ಮೇಲಿನ ಹೋರಾಟಗಾರನ ಮುಖವನ್ನು ಕತ್ತರಿಸಿ, ಹಳೇ ಕ್ಯಾಲೆಂಡರಿನ ಹಿಂಬದಿಗೆ ಅನ್ನದ ಅಗುಳಿನಿಂದ ಅಂಟಿಸುತ್ತಾಳೆ.

ಹೋದ ವರ್ಷ ನಾನು ಹೋದಾಗ ಆ ಕ್ಯಾಲೆಂಡರು ಬಿಡಿಸಿ ಕೇಳಿದಳು.

"ಇಷ್ಟ್ ಜನ ಬಂದವ್ರೆ. ನಮ್ಮಪ್ಪ ಯಾಕ್ಲಾ ಇಲ್ಲ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಅವಳ ಅಪ್ಪ, ಅಂದರೆ ನನ್ನ ತಾತ, ಚಳವಳಿಯ ಕಾಲದಲ್ಲಿ ಬಾವುಟ ಹಿಡಿದು ಹೋಗಿ, ಲಾಠಿ ಏಟು ತಿಂದು, ಕೆಲವು ತಿಂಗಳು ಜೈಲಿನಲ್ಲಿದ್ದವನು. ಹೋಗುವಾಗ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಾಳಾದ್ದು, ಅದೇ ವಾರ ಎದುರುಮನೆ ಗೌಡರ ತೋಟದಲ್ಲಿ ತೆಂಗಿನಕಾಯಿ ಕಳುವಾಯಿತು. ಇವನು ಜೈಲಲ್ಲಿದ್ದಾನೆ ಎಂಬ ಸುದ್ದಿ ಬಂದದ್ದೇ ತಡ, ಕಾಯಿ ಕದ್ದು ಒಳಗೆ ಹೋದ ಎಂದು ಊರು ತೀರ್ಮಾನ ಮಾಡಿ ಮುಗಿಸಿತು. ತಾತ ತಿರುಗಿ ಬಂದು ಎಷ್ಟು ಬಾಯಿ ಬಡಿದುಕೊಂಡರೂ ಗೌಡರು "ಸಿಕ್ಕಾಕ್ಕೊಂಡ ಮ್ಯಾಲೆ ಎಲ್ರೂ ದೇಸಭಕ್ತರೇಯ" ಎಂದರಂತೆ. ಬಾವಿಕಟ್ಟೆಗೆ ಅತ್ತೆ ಬಿಂದಿಗೆ ತಂದರೆ ಹೆಂಗಸರು "ಕಾಯಿಕಳ್ಳನ ಮಗಳು ಬಂದ್ಲು, ಬಾವಿ ಅಗ್ಗ ಜ್ವಾಪಾನ ಕಣ್ರೇ" ಅನ್ನುತ್ತಿದ್ದರಂತೆ. ಹೊರಗಿನ ಒಳ್ಳೆಯ ಸಂಬಂಧವೊಂದು ವೀಳ್ಯದ ತನಕ ಬಂದು ಇದೇ ಮಾತಿಗೆ ಮುರಿದುಬಿತ್ತು. ಕಡೆಗೆ ಊರೊಳಗಿನ ನೆಂಟರಿಗೇ ಕೊಟ್ಟರು. ಆ ಮಾತು ಹುಟ್ಟಿದ ಬೀದಿಯಲ್ಲೇ ಅವಳು ಇಡೀ ಜೀವಮಾನ ಕಳೆದಳು.

"ಪೋಸ್ಟ್‌ನೋನು ನಮ್ಮಪ್ಪನ ಮೊಕ ಇರೋ ಕಾಗ್ದವ ಒಂದ್ ಸಲ ಈ ಬೀದೀಲಿ ತಂದು ಕೊಡ್ಬೇಕು ಕಣ್ಲಾ. ಅಷ್ಟಾದ್ರೆ ಸಾಕು, ನಾನು ಸತ್ರೂ ಸೈ" ಅಂದಳು ಅತ್ತೆ.

ಸರಿ, ಹೊರಟೆ. ತಾತನ ನೆನಪಿಗೆ ಚೀಟಿ ಹೊರಡಿಸಬೇಕೆಂದು ಅರ್ಜಿ ಬರೆದೆ. ಅದಕ್ಕೊಂದು ಸಮಿತಿ, ಸಮಿತಿಗೊಂದು ನಿಯಮ, ಇಡೀ ದೇಶ ಬಲ್ಲ ವ್ಯಕ್ತಿಯಾಗಿರಬೇಕು. ತಿಳಿದವರೊಬ್ಬರು ಸಮಾಧಾನವಾಗಿಯೇ ಹೇಳಿದರು: "ಮೇಷ್ಟ್ರೆ, ನಿಮ್ಮ ತಾತನಂಥವರು ಊರಿಗೊಬ್ಬರು ಇದ್ದರು. ಎಲ್ಲರಿಗೂ ಚೀಟಿ ಮಾಡೋಕಾಗುತ್ತಾ?" ನ್ಯಾಯವಾದ ಮಾತು. ಸಿಟ್ಟು ಬಂದದ್ದೇ ಅದಕ್ಕೆ. ಬೈದು ಹಗುರಾಗೋಣವೆಂದರೆ ತಪ್ಪು ಮಾಡಿದ ಒಬ್ಬ ಮನುಷ್ಯನೂ ಸಿಗಲಿಲ್ಲ.

ಅವರೇ ಇನ್ನೊಂದು ದಾರಿ ತೋರಿಸಿದರು. ದುಡ್ಡು ಕಟ್ಟಿ ಫೋಟೋ ಕೊಟ್ಟರೆ ನಮಗೆ ಬೇಕಾದವರ ಮುಖ ಹಾಕಿ ಚೀಟಿಯ ಒಂದು ಹಾಳೆ ಅಚ್ಚು ಹಾಕಿಕೊಡುವ ಯೋಜನೆ ಇದೆಯಂತೆ. ಲಕೋಟೆಗೆ ಅಂಟಿಸಿದರೆ ಕಾಗದ ಹೋಗುತ್ತದೆ, ಉಳಿದ ಚೀಟಿಗಳ ಹಾಗೇ.

ಫೋಟೋ ಎಲ್ಲಿತ್ತು? ತಾತನ ಮುಖ ಇರುವುದು ಲೋಕದಲ್ಲಿ ಒಂದೇ ಕಡೆ, ಹೋರಾಟಗಾರರಿಗೆ ಕೊಡುತ್ತಿದ್ದ ಬಸ್ ಪಾಸಿನ ಮೇಲೆ. ಆ ಪಾಸು ಕನಕಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಬೀರುವಿನಲ್ಲಿತ್ತು. ಮಾಗಡಿಯಿಂದ ರಾಮನಗರಕ್ಕೊಂದು ಬಸ್ಸು, ರಾಮನಗರದಿಂದ ಕನಕಪುರಕ್ಕೊಂದು ಬಸ್ಸು. ಮೂರು ಸಲ ಹೋದೆ. ಮೊದಲ ಸಲ ಬೀರುವಿನ ಬೀಗದ ಕೈ ಇರಲಿಲ್ಲ. ಎರಡನೇ ಸಲ ಅವನೇ ಇರಲಿಲ್ಲ. ಮೂರನೇ ಸಲ ಬೀಗದ ಕೈ, ಅವನು ಇಬ್ಬರೂ ಇದ್ದರು, ಆದರೆ ಅವನು ಪಾಸನ್ನು ಎದೆಗೊತ್ತಿಕೊಂಡು "ಅಣ್ಣ, ಇದರ ಮೇಲೆ ಏನಾದ್ರೂ ಸೈಟು ಗೀಟು ಸಿಕ್ತದಾ?" ಎಂದು ಕೇಳಿದ. "ಸಿಕ್ಕಿದ್ರೆ ನಿನಗೇ ಬಿಟ್ಟೆ ಕಣಯ್ಯ, ಮೊದಲು ಕೊಡು" ಎಂದು ಕಿತ್ತುಕೊಂಡೆ.

ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಕಚೇರಿಯ ಗುಂಡು ಸೀಲು ಅರ್ಧ ಕಾಗದದ ಮೇಲೆ, ಅರ್ಧ ತಾತನ ಗದ್ದದ ಮೇಲೆ ಬಿದ್ದಿತ್ತು. ನೇರಳೆ ಮಸಿ. ಇಷ್ಟು ಚೆಂದದ ಮುಖಕ್ಕೆ ಇದೆಂಥ ಗತಿ ಎಂದುಕೊಂಡು ರಾಮನಗರದ ಒಂದು ಸ್ಟುಡಿಯೋಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವನು ನಾಲ್ಕು ಸಲ ಕೈಯಾಡಿಸಿದ, ಸೀಲು ಮಾಯ. ಅದರ ಜೊತೆ ತಾತನ ಹುಬ್ಬಿನ ಮೇಲಿದ್ದ ಲಾಠಿ ಏಟಿನ ಗಾಯವೂ ಮಾಯ. "ಸಾರ್, ಒಂದು ಟೋಪಿ ಹಾಕ್ಲಾ? ಟೋಪಿ ಇದ್ರೆ ಹೋರಾಟಗಾರ ಅನ್ಸುತ್ತೆ" ಅಂದ. "ಟೋಪಿ ನನಗೆ ಹಾಕಿದ್ದು ಸಾಕು ಮಾರಾಯ, ಆ ಗಾಯ ವಾಪಸ್ ಹಾಕು" ಎಂದು ರೇಗಿದೆ. ಗಾಯ ಬಂತು. ಸೀಲು ಬೇಡವೆಂದೆ.

ಅಂತೂ ಬೆಂಗಳೂರಿನಲ್ಲಿ ಹಾಳೆ ಕೈಗೆ ಬಂತು. ಕೊಟ್ಟವರು ಒಳ್ಳೆಯ ಮನುಷ್ಯರು, "ಚೆನ್ನಾಗಿ ಬಂದಿದೆ ಸಾರ್. ಮೊನ್ನೆ ಒಬ್ಬರು ಮಗುವಿನ ನಾಮಕರಣಕ್ಕೆ ಮಾಡಿಸಿದ್ದರು, ಅದೂ ಹೀಗೇ ಮುದ್ದಾಗಿತ್ತು" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಟು ತಿಂದು ಜೈಲಿಗೆ ಹೋಗಿ ಬಂದವನಿಗೂ ಒಂದು ಹಾಳೆ, ತೊಟ್ಟಿಲಲ್ಲಿ ಮಲಗಿದ್ದವನಿಗೂ ಒಂದು ಹಾಳೆ. ಈ ವಿಷಯ ಅತ್ತೆಗೆ ಹೇಳಬಾರದು ಎಂದು ಬಸ್ಸಿನಲ್ಲೇ ನಿರ್ಧಾರ ಮಾಡಿದೆ.

ಮಾರನೆಯ ದಿನವೇ ಚನ್ನಪಟ್ಟಣದ ಬಸ್ಸು ಹತ್ತಿದೆ. ಒಂದು ಹೊಸ ಲಕೋಟೆಗೆ ತಾತನ ಚೀಟಿ ಅಂಟಿಸಿ, ಅತ್ತೆಯ ವಿಳಾಸ ಗುಂಡಗೆ ಬರೆದು, ಮಸಿ ತಾಗದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ನಾನೇ ಖುದ್ದಾಗಿ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದಳು. ತೋರುಬೆರಳಿನಿಂದ ಹುಬ್ಬಿನ ಗಾಯ ಮುಟ್ಟಿದಳು. "ಅಪ್ಪಯ್ಯ" ಅಂದಳು. ಕಣ್ಣಲ್ಲಿ ನೀರು. ಇಷ್ಟು ದಿನ ಅಲೆದದ್ದು ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸೀಲೆಲ್ಲಿ?"

ಅತ್ತೆಗೆ ಏನು ಹೇಳುವುದಿದ್ದರೂ ಬರೆದು ತೋರಿಸಬೇಕು. ನೋಟ್‌ಬುಕ್ಕಿನಲ್ಲಿ ಬರೆದೆ: ಸೀಲು ಹೊಡೆದರೆ ಮುಖಕ್ಕೆ ಮಸಿಯಾಗುತ್ತೆ. ಅದಕ್ಕೇ ಕೈಯಲ್ಲೇ ತಂದೆ.

ಓದಿದವಳೇ ಲಕೋಟೆಯನ್ನು ಅವರೆಕಾಯಿ ಸಿಪ್ಪೆಯ ಮೇಲೆ ಎಸೆದಳು.

"ಲಾಠಿ ಏಟು ತಿಂದ ಮೊಕ ಕಣ್ಲಾ ಅದು! ಒಂದು ಸೀಲೇಟಿಗೆ ಸವದೋಯ್ತದಾ? ನಾನ್ ಏನಂದಿದ್ದೆ ನಿಂಗೆ? ಪೋಸ್ಟ್‌ನೋನು ತಂದ್ಕೊಡ್ಬೇಕು ಅಂದಿದ್ನೋ ಇಲ್ವೋ? ಬಗಲಲ್ಲಿ ಮಡಿಕ್ಕಂಡು ಕದ್ದ ಕಾಯಿ ತಂದಂಗೆ ತಂದಿದ್ದೀಯಲ್ಲ!"

ಆ ಮಾತು ನೇರ ಎದೆಗೆ ನಾಟಿತು. ಅವಳು ಅಂದದ್ದು ನಿಜ. ಅಂದು ಅವಳು ಅಷ್ಟು ಮಾತಾಡಿದರೂ "ಮೊಕ" ಎಂಬುದೊಂದೇ ನನ್ನ ಕಿವಿಗೆ ಬಿದ್ದಿತ್ತು. ಕಿವಿ ಹೋಗಿರುವುದು ಅವಳಿಗೆ ಎಂದು ನಾನು ತಿಳಿದುಕೊಂಡಿದ್ದೆ. ಆದರೆ ತಪ್ಪು ಗೊತ್ತಾದಾಗ ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ಮೂರು ತಾಲ್ಲೂಕು ಸುತ್ತಿ ಬಂದವನಿಗೆ ಈ ಮಂಗಳಾರತಿಯೇ ಎನ್ನಿಸಿ, ಬಚ್ಚಿಡಬೇಕೆಂದಿದ್ದನ್ನೂ ಗೀಚಿಬಿಟ್ಟೆ: ಇದು ಸರ್ಕಾರ ತಾನಾಗಿ ಹೊರಡಿಸಿದ್ದಲ್ಲ. ನಾನು ದುಡ್ಡು ಕಟ್ಟಿ ಮಾಡಿಸಿದ್ದು. ಯಾರು ಬೇಕಾದರೂ ಮಾಡಿಸಬಹುದು.

ಬರೆದ ಮರುಗಳಿಗೆ ಕೈ ಕಡಿದುಕೊಳ್ಳುವಂತಾಯಿತು. ಅತ್ತೆ ಎರಡು ಸಲ ಓದಿದಳು.

"ಅರ್ಜಿ ಆಕ್ದೆ, ದುಡ್ಡು ಕಟ್ದೆ ಸರ್ಕಾರ ಯಾರಿಗ್ಲಾ ಏನ್ ಕೊಟ್ಟೈತೆ?" ಅಂದಳು, ಈಗ ಮೆತ್ತಗೆ. "ಆ ಪಾಸ್‌ಗೂ ನಮ್ಮಪ್ಪ ಚಪ್ಪಲಿ ಸವೆಸ್ದ. ಜೈಲಲ್ಲಿ ಜೊತೇಲಿದ್ದೋರ್ನ ಸಾಕ್ಷಿಗೆ ಹುಡುಕ್ಕಂಡು ಊರೂರು ತಿರುಗ್ದ. ಪಾಸು ಬಂದಾಗ ಫೋಟೋವ ಯಾರ್ಗೂ ತೋರುಸ್ಲಿಲ್ಲ, ಸೀಲು ತೋರುಸ್ದ. ಸ್ಟ್ಯಾಂಪು ನೀನ್ ತರ್ಬೋದು ಮಗಾ. ಸೀಲು ಸರ್ಕಾರ್ದೋರೇ ಒಡೀಬೇಕು."

ನಾನು ಸ್ಟುಡಿಯೋದವನಿಂದ ಅಳಿಸಿಹಾಕಿಸಿದ್ದು ಏನನ್ನು ಎಂದು ಆಗ ಗೊತ್ತಾಯಿತು.

ಅದೇ ದಿನ ಚನ್ನಪಟ್ಟಣಕ್ಕೆ ವಾಪಸ್ ಹೋಗಿ ಆ ಲಕೋಟೆಯನ್ನು ಕೌಂಟರಿನಲ್ಲಿ ಕೊಟ್ಟು ನಿಂತೆ. ಅಲ್ಲಿದ್ದಾಕೆ ಸೀಲನ್ನು ಮಸಿ ದಿಂಬಿಗೆ ಒತ್ತಿ, ನನ್ನ ಮುಖ ನೋಡದೆ ಧಡ್ ಎಂದು ಹೊಡೆದರು. ಅರ್ಧ ಶತಮಾನದಿಂದ ಮಸಿಗೆ ಹೆದರಿದ ಜೀವ ಇದು, ನನಗೇ ಏಟು ಬಿದ್ದಂತಾಯಿತು. ಮನೆಗೆ ಫೋನು ಮಾಡಿ ಬರುವುದು ತಡ ಎಂದು ಹೇಳಿ, ಅತ್ತೆಯ ಜಗಲಿಗೇ ತಿರುಗಿ ಬಂದೆ. ಹತ್ತು ಮೈಲಿ ಆಚೆ ಹಾಕಿದ ಕಾಗದಕ್ಕೆ ಕಾಯುವುದೆಂದರೆ ಎಂಥ ಹಿಂಸೆ! ಮರುದಿನ ಬರಲಿಲ್ಲ. ಅದರ ಮರುದಿನ ಭಾನುವಾರ. ಬಗಲಲ್ಲಿಟ್ಟುಕೊಂಡು ಬಂದಿದ್ದರೆ ಅರ್ಧ ಗಂಟೆಯ ಕೆಲಸ ಎಂದು ಒಳಗೊಳಗೇ ಕುದಿಯುತ್ತಾ ಕೂತೆ. ಅತ್ತೆ ಮಾತ್ರ ಎರಡೂ ದಿನ ಬೆಳಿಗ್ಗೆ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದಳು.

ಸೋಮವಾರ ಪೋಸ್ಟ್‌ಮ್ಯಾನ್ ಮೊಪೆಡ್ಡಿನಲ್ಲಿ ಬಂದ. ಅತ್ತೆ ಕೈ ನೀಡಲಿಲ್ಲ. "ಯಾರ್ ಯೆಸ್ರು, ಜೋರಾಗ್ ಓದಪ್ಪ" ಅಂದಳು. ಪಾಪ, ಅವನು ಬೀದಿಗೆಲ್ಲ ಕೇಳುವ ಹಾಗೆ ಓದಿದ. ಅವಳೊಬ್ಬಳಿಗೆ ಕೇಳಿಸಲಿಲ್ಲ. ಸೀಲು ತಾತನ ಮೂಗಿನ ಮೇಲೇ ಬಿದ್ದು, ಒಂದು ಹುಬ್ಬು ಮತ್ತು ಕಿವಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅತ್ತೆಯ ಮುಖ ಅರಳಿತು. ಲಕೋಟೆ ಹಿಡಿದು ಸರಸರ ಬೀದಿ ದಾಟಿದಳು, ನಾನು ಹಿಂದೆ ಓಡಿದೆ. ಎದುರುಮನೆಯ ಮುಂದೆ ಆ ಗೌಡರ ಮರಿಮಗ, ಮೂವತ್ತು ದಾಟಿದ ಗಂಡಸು, ಟ್ರ್ಯಾಕ್ಟರ್ ತೊಳೆಯುತ್ತಿದ್ದ.

"ಬಾರ್ಲಾ ಇಲ್ಲಿ, ನೋಡು! ನಮ್ಮಪ್ಪ. ಸರ್ಕಾರ್ದೋರು ಸೀಲ್ ಒಡ್ದವ್ರೆ. ಕಾಯಿಕಳ್ಳನ ಮೊಕಕ್ಕೆ ಸರ್ಕಾರ ಸೀಲ್ ಒಡೀತದಾ? ಏಳ್ಲಾ, ಒಡೀತದಾ?"

ಅವನು ಪೈಪು ಕೆಳಗಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಲಕೋಟೆ ತೆಗೆದುಕೊಂಡ. ಚೀಟಿಯನ್ನು ನೋಡಿದ. ಒಮ್ಮೆ ಕಣ್ಣಿಗೊತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಅಜ್ಜಿ ಯಾವ ಕಾಯಿ ಅಂತಾವ್ರೆ ಸಾರ್? ಯಾರು ಕಳ್ಳ?"

ಅವನ ಅಪ್ಪನಿಗಾದರೂ ಗೊತ್ತಿತ್ತೇ ಎಂದು ವಿಚಾರಿಸಿದೆ. ಅಪ್ಪನೂ ಹೇಳಿದ್ದಿಲ್ಲ, ತಾತನೂ ಹೇಳಿದ್ದಿಲ್ಲ, ಅಂಥ ಮಾತು ಮನೆಯಲ್ಲಿ ಕೇಳಿಯೇ ಇಲ್ಲ ಅಂದ. ಅತ್ತೆ ನನ್ನ ತೋಳು ಅಲ್ಲಾಡಿಸಿದಳು. "ಏನಂದ? ಏನಂದ್ಲಾ ಅವ್ನು?"

ನೋಟ್‌ಬುಕ್ಕು ತೆಗೆದೆ. ಬರೆದೆ: ಅವರ ಮನೆಯಲ್ಲಿ ಯಾರಿಗೂ ಆ ಮಾತು ಗೊತ್ತೇ ಇಲ್ಲವಂತೆ.

ಅತ್ತೆ ಓದಿದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂಗಾರೆ ಇಷ್ಟ್ ವರ್ಸ ಅದ್ನ ನಾನೊಬ್ಳೇ ಮಡಿಕ್ಕಂಡಿದ್ನಾ?"